ಎಂದೂ ತುಂಬದ ಟ್ಯಾಂಕು: ಹಳ್ಳಿಮನೆ ಕೊಳ್ಳುವವರಿಗೆ ಸೆಪ್ಟಿಕ್ ದೋಷ ಪತ್ತೆ ಕೈಪಿಡಿ

ಮಲೆನಾಡು, ಕರಾವಳಿ ಕಡೆ ಹಳೇ ಮನೆ ನೋಡಲು ಹೋದವರು ಮಾಡಿನ ಹೆಂಚು ನೋಡುತ್ತಾರೆ, ಮರಮುಟ್ಟಿಗೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡುತ್ತಾರೆ, ಬಾವಿಗೆ ಬಗ್ಗಿ ನೀರು ಎಷ್ಟಿದೆ ಎಂದು ಅಂದಾಜು ಮಾಡುತ್ತಾರೆ. ಪಾಯಿಖಾನೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಕೇಳಿದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಸೆಪ್ಟಿಕ್ ಟ್ಯಾಂಕ್ ಉಂಟು. ಇಪ್ಪತ್ತು ವರ್ಷ ಆಯ್ತು, ಒಂದು ಸಲವೂ ಖಾಲಿ ಮಾಡಿಸ್ಲಿಲ್ಲ, ಏನೂ ತೊಂದರೆ ಇಲ್ಲ." ಈ ಮಾತನ್ನು ಭರವಸೆ ಎಂದುಕೊಳ್ಳಬೇಡಿ. ಇದೇ ಮೊದಲ ದೋಷಲಕ್ಷಣ.

ಸರಿಯಾದ ಸೆಪ್ಟಿಕ್ ಟ್ಯಾಂಕ್ ಎಂದರೆ ನೀರು ಸೋರದ ಪೆಟ್ಟಿಗೆ. ಮಲ ಅದರ ತಳಕ್ಕಿಳಿದು ಕೆಸರಾಗುತ್ತದೆ, ಎಣ್ಣೆ ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಿನ ತಿಳಿನೀರು ಮಾತ್ರ ಹೊರಗಿನ ಪೈಪಿನಿಂದ ಇಂಗುಗುಂಡಿಗೆ ಹೋಗುತ್ತದೆ. ಕೆಸರು ಕೊಳೆತು ಕರಗುವುದು ನಿಜ, ಆದರೆ ಪೂರ್ತಿ ಕರಗುವುದಿಲ್ಲ. ಭಾರತೀಯ ಮಾನಕ ಐಎಸ್ 2470ರಲ್ಲಿ ಟ್ಯಾಂಕಿನ ಅಳತೆಯನ್ನೇ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಖಾಲಿ ಮಾಡುವ ಲೆಕ್ಕದಲ್ಲಿ ಕೊಟ್ಟಿದ್ದಾರೆ. ಹತ್ತು ಜನರ ಟ್ಯಾಂಕನ್ನು ವಯಸ್ಸಾದ ಇಬ್ಬರೇ ಬಳಸುತ್ತಿದ್ದರೆ ಇನ್ನೂ ಕೆಲವು ವರ್ಷ ತಡೆದೀತು. ಇಪ್ಪತ್ತು ವರ್ಷ ತಡೆಯುವುದಿಲ್ಲ. ಹಾಗೆ ತಡೆದಿದೆ ಎಂದರೆ ಆ ಹೊಲಸು ಬೇರೆಲ್ಲೋ ಹೋಗುತ್ತಿದೆ. ಎಲ್ಲಿಗೆ ಎಂದು ಮುಂಗಡ ಕೊಡುವ ಮೊದಲೇ ಪತ್ತೆ ಮಾಡಬೇಕು.

ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು. ಒಂದು, ಅದು ಟ್ಯಾಂಕೇ ಅಲ್ಲ. ಸಿಮೆಂಟ್ ರಿಂಗ್ ಇಳಿಸಿ ಅಥವಾ ಜಂಬಿಟ್ಟಿಗೆ ಕಟ್ಟಿ ಮೇಲೆ ಚಪ್ಪಡಿ ಮುಚ್ಚಿದ, ತಳವಿಲ್ಲದ ಗುಂಡಿ. ಎರಡು, ಟ್ಯಾಂಕ್ ಇದೆ, ಆದರೆ ಗೋಡೆ ಇಲ್ಲವೇ ತಳ ಬಿರುಕು ಬಿಟ್ಟಿದೆ. ಮೂರು, ಇಂಗುಗುಂಡಿ ಕಟ್ಟಿಕೊಂಡ ಮೇಲೆ ಯಾರೋ ಒಂದು ಪೈಪ್ ಕೂರಿಸಿ ನೀರನ್ನು ತೋಟದ ಬಸಿಗಾಲುವೆಗೋ ರಸ್ತೆ ಚರಂಡಿಗೋ ತಿರುಗಿಸಿದ್ದಾರೆ.

ಮುಚ್ಚಳ ತೆಗೆಯುವ ಮುನ್ನ

ಯಾರೂ ಒಳಗೆ ಇಳಿಯಬಾರದು, ತಲೆ ಒಳಗೆ ಹಾಕಿ ನೋಡಲೂಬಾರದು. ಒಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಇರುತ್ತವೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದಲ್ಲಿ ಮೂಗೇ ಮರಗಟ್ಟುತ್ತದೆ. ವಾಸನೆ ನಿಂತಿತು, ಗಾಳಿ ಹೋಯಿತು ಎಂದುಕೊಂಡು ಇಳಿದವರು ಅಲ್ಲೇ ಕುಸಿಯುತ್ತಾರೆ. ಅವರನ್ನು ಎತ್ತಲು ಹೋದವರೂ ಹಾಗೆಯೇ ಸಾಯುತ್ತಾರೆ. ಮುಚ್ಚಳ ತೆಗೆದು ಅರ್ಧ ಗಂಟೆ ಬಿಡುವುದು ಮೇಲೆ ನಿಂತು ನೋಡುವವರಿಗಾಗಿ, ಇಳಿಯುವುದಕ್ಕಲ್ಲ. ಬೀಡಿ, ಬೆಂಕಿಕಡ್ಡಿ ದೂರವಿರಲಿ, ಬೆಳಕಿಗೆ ಟಾರ್ಚ್ ಮಾತ್ರ. ಹಳೇ ಚಪ್ಪಡಿಯ ಕೆಳಗಿನ ಕಬ್ಬಿಣ ತುಕ್ಕು ತಿಂದಿರುತ್ತದೆ, ಅದರ ಮೇಲೆ ನೇರ ನಿಲ್ಲದೆ ಅಡ್ಡ ಹಲಗೆ ಹಾಕಿ ನಿಲ್ಲಿ. ಮಕ್ಕಳು ಹತ್ತಿರ ಬರದ ಹಾಗೆ ಒಬ್ಬರು ಕಾಯಲಿ.

ಮೈಮೇಲೆ ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಇಂಥ ಟ್ಯಾಂಕಿಗೆ ಇಳಿಸುವುದು ಮಲ ಬಾಚುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲವೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. "ನಮ್ಮ ಆಳು ಇದ್ದಾನೆ, ಇಳಿದು ನೋಡ್ತಾನೆ" ಎಂದು ಮಾರುವವರು ಹೇಳಿದರೆ ಅಲ್ಲೇ ತಡೆಯಿರಿ. ಈ ಪತ್ತೆ ಕೆಲಸಕ್ಕೆ ಒಳಗೆ ಇಳಿಯುವ ಅಗತ್ಯವೇ ಇಲ್ಲ.

ಬೇಕಾದ ಸಾಮಾನು ಇಷ್ಟೇ: ಎಂಟು ಅಡಿ ಉದ್ದದ ಬಿದಿರು ಅಥವಾ ಪಿವಿಸಿ ಪೈಪು, ಅದಕ್ಕೆ ಸುತ್ತಲು ಹಳೇ ಬಿಳಿ ಪಂಚೆಯ ತುಂಡು, ಟೇಪು, ಟಾರ್ಚು, ಹಾರೆ, 15 ಲೀಟರಿನ ಬಕೆಟ್, ರಬ್ಬರ್ ಕೈಗವಸು, ಸೋಪು.

ಟ್ಯಾಂಕ್ ಎಲ್ಲಿದೆ?

ಮನೆಯವರಿಗೇ ಜಾಗ ಗೊತ್ತಿಲ್ಲದಿರುವುದು ಉಂಟು. ಪಾಯಿಖಾನೆಯ ಹಿಂಗೋಡೆಯಿಂದ ಹೊರಬರುವ ನಾಲ್ಕಿಂಚಿನ ಪೈಪ್ ಹಿಡಿದು ಹೊರಡಿ. ಒಬ್ಬರು ಕಮೋಡಿಗೆ ಒಂದು ಬಕೆಟ್ ನೀರು ಸುರಿಯಲಿ, ಇನ್ನೊಬ್ಬರು ಹೊರಗೆ ಚೇಂಬರಿಗೆ ಕಿವಿಗೊಡಲಿ. ಗಾಳಿಕೊಳವೆ ಇದ್ದರೆ ಅದರ ಬುಡದಲ್ಲೋ ಹತ್ತಿರದಲ್ಲೋ ಟ್ಯಾಂಕ್ ಇರುತ್ತದೆ. ಏಪ್ರಿಲ್ ಬಿಸಿಲಲ್ಲೂ ಒಂದೇ ಕಡೆ ಕೆಸು, ಬಾಳೆ, ಕಾಬಾಳೆ ಸೊಂಪಾಗಿ ಬೆಳೆದಿದ್ದರೆ ಅಲ್ಲಿ ನೆಲದಡಿ ನೀರು ಬರುತ್ತಿದೆ ಎಂದರ್ಥ. ತೋಟದ ಇಳಿಜಾರಿನ ಅಂಚಿನಲ್ಲಿ ಒಮ್ಮೆ ನಡೆದು, ಮಣ್ಣಿನಿಂದ ಇಣುಕುವ ಪೈಪಿನ ಬಾಯಿ ಹುಡುಕಿ. ಬಾಯಿಯ ಕೆಳಗೆ ಬೂದುಬಣ್ಣದ ಲೋಳೆ ಕಂಡರೆ ಮೂರನೇ ಉತ್ತರ ಸಿಕ್ಕಿದಂತೆ.

ಟ್ಯಾಂಕಿನ ಮೇಲೆ ಮುಚ್ಚಳವೇ ಇಲ್ಲದೆ ಇಡೀ ಚಪ್ಪಡಿಯನ್ನು ಸಿಮೆಂಟಿನಿಂದ ಬೆಸೆದಿದ್ದರೆ ಅದನ್ನು ತೆಗೆಸಿ ತೋರಿಸಲು ಹೇಳಿ. ತೆಗೆಸಲು ಒಪ್ಪದಿದ್ದರೆ ತಳವಿಲ್ಲದ ಗುಂಡಿ ಎಂದೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ನೀರಿನ ಮಟ್ಟವೇ ಅರ್ಧ ಉತ್ತರ

ಟಾರ್ಚ್ ಬಿಟ್ಟು ಹೊರಹೋಗುವ ಪೈಪನ್ನು ಹುಡುಕಿ. ಸರಿಯಾದ ಟ್ಯಾಂಕಿನಲ್ಲಿ ನೀರು ಆ ಪೈಪಿನ ಒಳತಳಕ್ಕೆ ಸರಿಸಮ ನಿಂತಿರುತ್ತದೆ. ಒಳಬರುವ ಪೈಪು ಅದಕ್ಕಿಂತ ಸುಮಾರು ಎರಡಿಂಚು ಮೇಲಿರುತ್ತದೆ.

ನೀರು ಹೊರಪೈಪಿಗಿಂತ ಕೆಳಗಿದ್ದರೆ ಟ್ಯಾಂಕ್ ಸೋರುತ್ತಿದೆ, ಅಥವಾ ಅದಕ್ಕೆ ತಳವೇ ಇಲ್ಲ. ಮೇಲಿದ್ದರೆ ಹೊರಪೈಪು ಕಟ್ಟಿದೆ, ಇಲ್ಲವೇ ಇಂಗುಗುಂಡಿ ನೀರು ಕುಡಿಯುತ್ತಿಲ್ಲ. ಹೊರಪೈಪೇ ಇಲ್ಲದಿದ್ದರೆ ಅದು ಗುಂಡಿ. ಆರು ತಿಂಗಳಿಂದ ಬೀಗ ಹಾಕಿದ ಮನೆಯ ಟ್ಯಾಂಕ್ ಒಳಗೆ ಒಣಗಿ ಕೆಸರು ಬಾಯಿಬಿಟ್ಟಿದ್ದರೆ ಮತ್ತೆ ಪರೀಕ್ಷೆಯೇ ಬೇಡ: ಮುಚ್ಚಿದ ಟ್ಯಾಂಕಿನ ನೀರು ಆವಿಯಾಗಿ ಅಷ್ಟು ಇಳಿಯುವುದಿಲ್ಲ, ನೆಲಕ್ಕೇ ಹೋಗಿದೆ.

ಈಗ ಗೋಡೆ ನೋಡಿ. ಇಂದಿನ ನೀರಿನ ಮಟ್ಟಕ್ಕಿಂತ ಒಂದಡಿ ಮೇಲೆ, ಒಲೆಯ ಮಸಿಯ ಹಾಗೆ ಕಪ್ಪು ಗೆರೆಯೊಂದು ಸುತ್ತಲೂ ಓಡಿರಬಹುದು, ಅದಕ್ಕೆ ಒಣಗಿದ ಜಿಡ್ಡು ಅಂಟಿರಬಹುದು. ಹಿಂದೊಮ್ಮೆ ನೀರು ಅಲ್ಲಿಯವರೆಗೆ ಏರಿ ನಿಂತಿತ್ತು. ಮಾರ್ಚಿನಲ್ಲಿ ಮನೆ ನೋಡುವವರಿಗೆ ಮಳೆಗಾಲದ ಸುದ್ದಿ ಹೇಳುವುದು ಈ ಗೆರೆ. ಆಗುಂಬೆ ಸುತ್ತ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಜುಲೈ, ಆಗಸ್ಟಿನಲ್ಲಿ ತಗ್ಗಿನ ಮನೆಗಳ ಅಂಗಳದಲ್ಲಿ ಒಂದೆರಡು ಅಡಿ ಅಗೆದರೇ ನೀರು. ಆಗ ತಳವಿಲ್ಲದ ಗುಂಡಿಯಿಂದ ಹೊಲಸು ಹೊರಗೆ ಹೋಗುವ ಬದಲು ಹೊರಗಿನ ನೀರೇ ಗುಂಡಿಗೆ ನುಗ್ಗುತ್ತದೆ, ಕಮೋಡಿನಲ್ಲಿ ನೀರು ಇಳಿಯುವುದೇ ಇಲ್ಲ. ಸಾಧ್ಯವಾದರೆ ಅದೇ ಮನೆಯನ್ನು ಆಟಿ ತಿಂಗಳ ಮಳೆಯಲ್ಲಿ ಇನ್ನೊಮ್ಮೆ ನೋಡಿ. ಆಗದಿದ್ದರೆ ಪಕ್ಕದ ಮನೆಯ ಅಮ್ಮನನ್ನು ಕೇಳಿ. ಮಳೆಗಾಲದಲ್ಲಿ ಇವರು ಪಾಯಿಖಾನೆಗೆ ಎಲ್ಲಿ ಹೋಗುತ್ತಿದ್ದರು ಎಂಬುದು ಅವರಿಗೆ ಗೊತ್ತಿರುತ್ತದೆ.

ಕೋಲು ಹೇಳುವ ಮಾತು

ಕೋಲಿನ ಕೆಳಗಿನ ನಾಲ್ಕಡಿಗೆ ಬಿಳಿ ಬಟ್ಟೆ ಬಿಗಿಯಾಗಿ ಸುತ್ತಿ ಕಟ್ಟಿ. ಒಳಬರುವ ಪೈಪಿನ ಹತ್ತಿರ ನೆಟ್ಟಗೆ ತಳದವರೆಗೆ ಇಳಿಸಿ ಎರಡು ನಿಮಿಷ ಹಿಡಿದು, ನಿಧಾನ ಮೇಲೆತ್ತಿ. ತಳದ ಕೆಸರು ಇದ್ದಷ್ಟು ಎತ್ತರಕ್ಕೆ ಬಟ್ಟೆ ಕಡುಗಪ್ಪಾಗಿ ದಪ್ಪಗೆ ಮೆತ್ತಿರುತ್ತದೆ, ಅದರ ಮೇಲೆ ತೆಳು ಕಂದು ನೀರಿನ ಕಲೆ ಮಾತ್ರ. ಎರಡರ ನಡುವಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಟೇಪಿನಿಂದ ಅಳೆಯಿರಿ. ಮೇಲಿನ ಕೆನೆ ಎಷ್ಟು ದಪ್ಪ ಎಂದು ಬೇರೆ ಅಳೆಯಿರಿ. ಕೆಸರು, ಕೆನೆ ಎರಡೂ ಸೇರಿ ನೀರಿನ ಆಳದ ಮೂರನೇ ಒಂದು ಭಾಗ ಮೀರಿದ್ದರೆ, ಅಂದರೆ ಒಂದು ಮೀಟರ್ ಆಳಕ್ಕೆ 33 ಸೆಂ.ಮೀ. ದಾಟಿದ್ದರೆ, ಖಾಲಿ ಮಾಡಿಸುವ ಹೊತ್ತು ಬಂದಿದೆ.

ಕೋಲು ತಳಕ್ಕೆ ತಾಗುವಾಗ ಕೈಗೆ ಏನು ಗೊತ್ತಾಗುತ್ತದೆ ಎಂಬುದೂ ಮುಖ್ಯ. ಕಾಂಕ್ರೀಟ್ ತಳವಾದರೆ ಗಟ್ಟಿಯಾಗಿ ತಡೆದು ಕೈಗೆ ಹೊಡೆತ ಬರುತ್ತದೆ. ಒತ್ತಿದಷ್ಟೂ ಕೋಲು ಇಳಿಯುತ್ತಾ ಹೋಗಿ, ತುದಿಯಲ್ಲಿ ಕೆಮ್ಮಣ್ಣೋ ನುಣುಪಾದ ಬಿಳಿ ಶೇಡಿಮಣ್ಣೋ ಅಂಟಿ ಬಂದರೆ ತಳವಿಲ್ಲ.

ಅನುಮಾನ ಉಳಿದರೆ ಸೋರಿಕೆ ಪರೀಕ್ಷೆ ಮಾಡಿ. ಹೊರಪೈಪಿನ ಒಳತಳದವರೆಗೆ ನೀರು ತುಂಬಿಸಿ ಒಂದು ದಿನ ಬಿಡಿ. ಒಣಗಿದ ಗಾರೆ ಮೊದಲು ಒಂದಿಷ್ಟು ನೀರು ಹೀರಿಕೊಳ್ಳುತ್ತದೆ. ಮರುದಿನ ಮತ್ತೆ ಅದೇ ಮಟ್ಟಕ್ಕೆ ತುಂಬಿ, ಗೋಡೆಗೆ ಗುರುತು ಹಾಕಿ, ಮುಚ್ಚಿ, 24 ಗಂಟೆ ಪಾಯಿಖಾನೆ ಬಳಸದಂತೆ ಹೇಳಿ. ಎರಡು ಮೀಟರ್ ಉದ್ದ, 90 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಇಳಿದರೆ 18 ಲೀಟರ್ ಹೋಯಿತು ಎಂದರ್ಥ. ಹತ್ತು ಸೆಂ.ಮೀ. ಇಳಿದರೆ 180 ಲೀಟರ್, ಅಂದರೆ ದಿನಕ್ಕೆ ಹನ್ನೆರಡು ಬಕೆಟ್ ಹೊಲಸು ನೀರು ನೇರ ಮಣ್ಣಿಗೆ.

ಮಾರುವವರು "ಮೊನ್ನೆಯಷ್ಟೇ ಖಾಲಿ ಮಾಡಿಸಿದ್ದೇವೆ" ಎಂದರೆ ತಳ ನೋಡಲು, ಸೋರಿಕೆ ಪರೀಕ್ಷೆ ಮಾಡಲು ಒಳ್ಳೆಯದೇ ಆಯಿತು. ಆದರೆ ಇಂಗುಗುಂಡಿ ಸತ್ತಿದ್ದರೆ, ಅಂದರೆ ನೀರು ಕುಡಿಯುವುದನ್ನೇ ನಿಲ್ಲಿಸಿದ್ದರೆ, ಅದು ಇದರಿಂದ ಮರೆಯಾಗಿರುತ್ತದೆ. ಮುಂದಿನ ಪರೀಕ್ಷೆ ಬಿಡಬೇಡಿ.

ಇಂಗುಗುಂಡಿಗೆ ಇಪ್ಪತ್ತು ಬಕೆಟ್

ಟ್ಯಾಂಕ್ ಹೊರಪೈಪಿನ ಮಟ್ಟಕ್ಕೆ ತುಂಬಿರುವಾಗ ಒಂದು ಗಂಟೆಯೊಳಗೆ 15 ಲೀಟರಿನ ಇಪ್ಪತ್ತು ಬಕೆಟ್ ನೀರನ್ನು ಕಮೋಡಿನ ಮೂಲಕ ಬಿಡಿ. ಅದು 300 ಲೀಟರ್. ಹಳ್ಳಿಗಳಿಗೆ ಜಲಜೀವನ್ ಮಿಷನ್ ಇಟ್ಟುಕೊಂಡಿರುವ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಐದು ಜನರಿಗೆ 275. ಹಾಗಾಗಿ ಇದು ಒಂದು ಮನೆಯ ಒಂದು ದಿನದ ನೀರು. ಟ್ಯಾಂಕಿನ ಮಟ್ಟ ಸ್ವಲ್ಪ ಏರಿ ಕೂಡಲೇ ಮೊದಲಿನ ಮಟ್ಟಕ್ಕೆ ಬಂದರೆ ಪೈಪು, ಇಂಗುಗುಂಡಿ ಕೆಲಸ ಮಾಡುತ್ತಿವೆ. ಮರುದಿನ ಬೆಳಿಗ್ಗೆಯೂ ಏರಿಯೇ ನಿಂತಿದ್ದರೆ ಇಂಗುಗುಂಡಿಯ ಮುಚ್ಚಳ ತೆಗೆಯಿರಿ. ಅದು ತುಂಬಿ ನಿಂತಿದ್ದರೆ ಮಣ್ಣು ನೀರು ಕುಡಿಯುತ್ತಿಲ್ಲ. ಅದು ಖಾಲಿ ಇದ್ದು ಟ್ಯಾಂಕ್ ಮಾತ್ರ ಏರಿದ್ದರೆ ನಡುವಿನ ಪೈಪು ಕಟ್ಟಿದೆ. ಬೇರು ನುಗ್ಗಿರುವುದೇ ಹೆಚ್ಚು.

ಇಂಗುಗುಂಡಿ ಯಾಕೆ ಸಾಯುತ್ತದೆ ಎಂದು ತಿಳಿಯದೆ ಹೊಸದು ತೋಡಿಸಬೇಡಿ, ಅದೂ ಎರಡು ವರ್ಷದಲ್ಲಿ ಸಾಯುತ್ತದೆ. ನಾವು ಕಂಡಂತೆ ಬಹುಪಾಲು ಕಾರಣ ಟ್ಯಾಂಕಿನ ಹೊರಬಾಯಿಯಲ್ಲಿ 'ಟಿ' ಇಲ್ಲದಿರುವುದು. ನಾಲ್ಕಿಂಚಿನ ಪಿವಿಸಿ ಟಿ ಹಾಕಿ, ಅದರ ಕೆಳಕೈಗೆ ಪೈಪು ಕೂರಿಸಿ ನೀರಿನೊಳಗೆ ಒಂದಡಿ ಇಳಿಸಿದರೆ ಮೇಲಿನ ಕೆನೆ ಅಲ್ಲೇ ಉಳಿದು ನಡುವಿನ ತಿಳಿನೀರಷ್ಟೇ ಹೋಗುತ್ತದೆ. ಮೇಸ್ತ್ರಿ ಅದನ್ನು ಬಿಟ್ಟಿದ್ದರೆ ಜಿಡ್ಡು ನೇರ ಇಂಗುಗುಂಡಿಗೆ ಹೋಗಿ ಮಣ್ಣಿನ ಸಣ್ಣ ರಂಧ್ರಗಳಿಗೆ ಮೆತ್ತಿಕೊಳ್ಳುತ್ತದೆ. ಕೆಲವು ನೂರು ರೂಪಾಯಿಯ ಸಾಮಾನು ಇಲ್ಲದೆ ಹೋಗಿ ಇಡೀ ಗುಂಡಿ ಹಾಳಾಗುತ್ತದೆ. ಇಂಗುಗುಂಡಿಯಲ್ಲಿ ದಪ್ಪ ಕೆಸರು ಕಂಡರೆ ಮೊದಲು ಈ ಟಿ ಇದೆಯೇ ನೋಡಿ. ಅಡುಗೆಮನೆಯ ಎಣ್ಣೆ, ಗಂಜಿ, ದೋಸೆ ಹಿಟ್ಟು ತೊಳೆದ ನೀರು ಇದೇ ಟ್ಯಾಂಕಿಗೆ ಬರುತ್ತಿದ್ದರೆ ಅದನ್ನು ಬೇರೆ ಮಾಡಿಸಬೇಕು. ವಾಷಿಂಗ್ ಮಷೀನಿನ ನೀರೂ ಅಷ್ಟೇ. ಒಮ್ಮೆಗೇ ನುಗ್ಗಿ ಕೆಸರನ್ನು ಕದಡಿ ಹೊರಗೆ ತಳ್ಳುತ್ತದೆ.

ಕೆಲವು ಲಕ್ಷಣಗಳು ಟ್ಯಾಂಕಿನವಲ್ಲ. ಬೀಗ ಹಾಕಿದ್ದ ಮನೆಯ ಬಚ್ಚಲಲ್ಲಿ ಗಬ್ಬು ನಾತವಿದ್ದರೆ ನಹಾನಿ ಟ್ರ್ಯಾಪಿನ (ನೆಲದ ತೂತಿನಡಿ ವಾಸನೆ ತಡೆಯಲು ನೀರು ನಿಲ್ಲುವ ಬಟ್ಟಲಿನ) ನೀರು ಒಣಗಿರಬಹುದು. ಎರಡು ಚೊಂಬು ನೀರು ಹಾಕಿ, ಅರ್ಧ ಗಂಟೆಯಲ್ಲಿ ವಾಸನೆ ಹೋದರೆ ಚಿಂತೆಯಿಲ್ಲ. ಕಮೋಡಿನಲ್ಲಿ ನೀರು ನಿಂತಿದ್ದೂ ಹೊರಗಿನ ಚೇಂಬರ್ ಒಣಗಿದ್ದರೆ ದೋಷ ಪೈಪಿನದು. ಹತ್ತು ಅಡಿಗೆ ಎರಡಿಂಚಾದರೂ ಇಳಿಜಾರಿದೆಯೇ ನೋಡಿ. ನೀರು ಬಿಟ್ಟಾಗ ಗುಳುಗುಳು ಸದ್ದು ಬಂದರೆ ಗಾಳಿಕೊಳವೆ ಇಲ್ಲ ಅಥವಾ ಹಕ್ಕಿಗೂಡು, ಕಣಜದ ಗೂಡು ಕಟ್ಟಿದೆ.

ಬಾವಿ

ಮೇಲಿನದೆಲ್ಲ ದುಡ್ಡು ಕೊಟ್ಟರೆ ಸರಿಹೋಗುತ್ತದೆ. ಬಾವಿ ಕೆಟ್ಟಿದ್ದರೆ ಹಾಗಲ್ಲ, ಅದಕ್ಕೇ ಇಲ್ಲಿ ಅವಸರ ಮಾಡಬೇಡಿ.

ಐಎಸ್ 2470ರ ಎರಡನೇ ಭಾಗದ ಪ್ರಕಾರ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಸುಮಾರು 60 ಅಡಿ ದೂರವಿರಬೇಕು; ಮನೆಯಿಂದ 6 ಮೀಟರ್. ತಳವಿಲ್ಲದ ಗುಂಡಿಗೂ ಇದೇ ಅಂತರ ಹಿಡಿಯಿರಿ. ಟೇಪು ಹಿಡಿದು ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ನಿಮ್ಮ ಗುಂಡಿಯಿಂದ ನಿಮ್ಮ ಬಾವಿಗೆ ಮಾತ್ರವಲ್ಲ, ಬೇಲಿಯಾಚೆಯವರ ಗುಂಡಿಯಿಂದ ನಿಮ್ಮ ಬಾವಿಗೆ, ನಿಮ್ಮ ಗುಂಡಿಯಿಂದ ಅವರ ಬಾವಿಗೆ ಎಷ್ಟಿದೆ ಎಂದೂ ನೋಡಿ. ಗುಂಡಿ ಬಾವಿಗಿಂತ ಎತ್ತರದಲ್ಲಿದ್ದರೆ 60 ಅಡಿಯೂ ಸಾಲದೆ ಬರಬಹುದು.

ಜಂಬಿಟ್ಟಿಗೆ ನೆಲದಲ್ಲಿ ಇನ್ನಷ್ಟು ಎಚ್ಚರ ಬೇಕು. ಮುರಕಲ್ಲಿನಲ್ಲಿ ಬೆರಳು ತೂರುವಂಥ ತೂತುಗಳು, ಸಂದುಗಳು ಇರುತ್ತವೆ. ನೀರು ಅಲ್ಲಿ ಇಂಗುವುದಿಲ್ಲ, ಹರಿಯುತ್ತದೆ. ಸೋಸುವ ಮಣ್ಣೇ ನಡುವೆ ಸಿಗುವುದಿಲ್ಲ. "ನಮ್ಮ ಗುಂಡಿ ಎಷ್ಟು ನೀರು ಬಿಟ್ಟರೂ ಕುಡಿಯುತ್ತದೆ" ಎಂಬ ಹೆಮ್ಮೆಯ ಮಾತಿನಲ್ಲಿ ಬಾವಿಗೆ ಇರುವ ಅಪಾಯ ಅಡಗಿದೆ.

ನೀರಿನ ಪರೀಕ್ಷೆ ಮಾಡಿಸಿ. ಪ್ರಯೋಗಾಲಯದವರೇ ಕೊಡುವ ಶುದ್ಧೀಕರಿಸಿದ ಬಾಟಲಿಯಲ್ಲಿ ಬಾವಿಯ ನೀರನ್ನೇ ತುಂಬಬೇಕು, ಮೇಲಿನ ಸಿಂಟೆಕ್ಸಿನದಲ್ಲ. ತಂಪಾಗಿಟ್ಟು ಆರು ಗಂಟೆಯೊಳಗೆ ಮುಟ್ಟಿಸಿ. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ 100 ಮಿ.ಲೀ. ನೀರಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಇ. ಕೋಲಿ ಒಂದೂ ಕಾಣಬಾರದು, ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ನೈಟ್ರೇಟ್ ಒಂದೇ ಹೆಚ್ಚಿದ್ದರೆ ತೋಟಕ್ಕೆ ಹಾಕಿದ ಗೊಬ್ಬರವೂ ಕಾರಣವಿರಬಹುದು, ಇ. ಕೋಲಿಯೂ ಸಿಕ್ಕರೆ ಮಲ ಎಲ್ಲಿಂದಲೋ ಸೇರುತ್ತಿದೆ. ಮನೆ ತೋರಿಸುವ ಮುನ್ನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಹಾಕಿದ್ದೀರಾ ಎಂದು ನೇರ ಕೇಳಿ, ನೀರಿನಲ್ಲಿ ಉಳಿದ ಕ್ಲೋರಿನ್ ಎಷ್ಟಿದೆ ಎಂದೂ ನೋಡಿಸಿ, ಇದ್ದರೆ ಅದು ಪೂರ್ತಿ ಹೋದ ಮೇಲೆ ಇನ್ನೊಮ್ಮೆ ಮಾದರಿ ತೆಗೆಯಿರಿ. ಬೇಸಿಗೆಯಲ್ಲಿ ಪಾಸಾದ ಬಾವಿಯನ್ನು ಮುಂಗಾರಿನ ಮೊದಲ ಒಂದೆರಡು ದೊಡ್ಡ ಮಳೆಯ ನಂತರ ಮತ್ತೆ ಪರೀಕ್ಷಿಸಲೇಬೇಕು. ಅಲ್ಲಿಯವರೆಗೆ ನೀರು ಕುದಿಸಿಯೇ ಕುಡಿಯಿರಿ.

ದುರಸ್ತಿ ಯಾವುದಕ್ಕೆ ಎಷ್ಟು

ಟಿ ಇಲ್ಲ, ಗಾಳಿಕೊಳವೆ ಇಲ್ಲ, ಪೈಪು ಕಟ್ಟಿದೆ: ಇವು ಒಂದೆರಡು ದಿನದ ಕೆಲಸ, ಇದಕ್ಕಾಗಿ ಮನೆ ಬಿಡಬೇಡಿ.

ಟ್ಯಾಂಕ್ ಸರಿಯಿದ್ದು ಇಂಗುಗುಂಡಿ ಸತ್ತಿದ್ದರೆ ಬೇರೆ ಜಾಗದಲ್ಲಿ ಹೊಸದು ಬೇಕು. ಆ ಜಾಗದ ಮಣ್ಣು ನೀರು ಕುಡಿಯುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಒಂದಡಿ ಅಗಲದ ಕುಳಿ ತೋಡಿ, ಬದಿಗಳನ್ನು ಚೂಪಾದ ಕಡ್ಡಿಯಿಂದ ಗೀರಿ, ತಳಕ್ಕೆ 5 ಸೆಂ.ಮೀ. ಜಲ್ಲಿ ಹಾಕಿ, ಅದರ ಮೇಲೆ 30 ಸೆಂ.ಮೀ. ನೀರು ನಿಲ್ಲಿಸಿ ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ಜಲ್ಲಿಯ ಮೇಲೆ 15 ಸೆಂ.ಮೀ. ನೀರು ಇರಿಸಿ ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ಅಳೆಯಿರಿ. 25 ಮಿ.ಮೀ. ಇಳಿಯಲು 30 ನಿಮಿಷದೊಳಗೆ ಸಾಕಾದರೆ ಇಂಗುಗುಂಡಿ ಆಗುತ್ತದೆ. 30ರಿಂದ 60 ನಿಮಿಷವಾದರೆ ಗುಂಡಿ ಬೇಡ, ಜಲ್ಲಿ ತುಂಬಿದ ಉದ್ದನೆಯ ಇಂಗುಕಾಲುವೆ ಮಾಡಿಸಿ. 60 ದಾಟಿದರೆ ಆ ನೆಲ ಎರಡಕ್ಕೂ ಆಗದು. ನೆನೆಸದೆ ಅಳೆಯಬೇಡಿ. ಗದಗ, ವಿಜಯಪುರ ಕಡೆಯ ಎರೆಭೂಮಿಯಲ್ಲಿ ಇದು ಇನ್ನೂ ಮುಖ್ಯ: ಬೇಸಿಗೆಯಲ್ಲಿ ಬಿರಿದ ನೆಲ ಕೊಡಗಟ್ಟಲೆ ನೀರು ನುಂಗುತ್ತದೆ, ನೆನೆದು ಉಬ್ಬಿದ ಮೇಲೆ ಹನಿ ನೀರೂ ಇಳಿಯುವುದಿಲ್ಲ. ಅದೇ ಉಬ್ಬು ಟ್ಯಾಂಕಿನ ಗೋಡೆಯನ್ನೂ ಸೀಳುತ್ತದೆ.

ಇಂಗುಗುಂಡಿಯ ಕನಿಷ್ಠ ಅಳತೆ 90 ಸೆಂ.ಮೀ. ವ್ಯಾಸ, ಒಳಬರುವ ಪೈಪಿನ ಕೆಳಗೆ ಒಂದು ಮೀಟರ್ ಆಳ. ಅದರ ತಳ ಮಳೆಗಾಲದ ಅಂತರ್ಜಲಕ್ಕಿಂತ ಎರಡು ಮೀಟರ್ ಮೇಲಿರಲಿ. ಅಷ್ಟು ಸಿಗದ ತಗ್ಗು ಜಾಗದಲ್ಲಿ ನೆಲದ ಮೇಲೆಯೇ ಮರಳಿನ ದಿಬ್ಬ ಹಾಕಿ ಅದರೊಳಗೆ ಇಂಗಿಸುವ ದಾರಿಯಿದೆ. ಇದನ್ನು ಬಲ್ಲವರಿಂದಲೇ ಮಾಡಿಸಿ.

ತಳವಿಲ್ಲದ ಗುಂಡಿಯಾದರೆ ಎರಡು ದಾರಿ. ಬಾವಿಯಿಂದ ದೂರವಿದ್ದು, ಅಂತರ್ಜಲವೂ ಆಳದಲ್ಲಿದ್ದು, ಮಣ್ಣು ಸೋಸುವಂಥದ್ದಾದರೆ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿಸಿ, ನಡುವೆ ವೈ ಆಕಾರದ ಚೇಂಬರ್ ಕೂರಿಸಿ. ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರೆ ಸ್ವಚ್ಛ ಭಾರತ ಯೋಜನೆಯಲ್ಲಿ ಹೇಳುವ ಅವಳಿ ಗುಂಡಿಯೇ ಆಯಿತು. ಮುಚ್ಚಿದ ಗುಂಡಿಯನ್ನು ಒಂದೂವರೆ ವರ್ಷ ಮುಟ್ಟಬಾರದು. ಬಚ್ಚಲು ನೀರು ಅದಕ್ಕೆ ಸೇರಬಾರದು. ಬಾವಿಯ ದೂರ, ಆಳದ ಅಂತರ್ಜಲ, ಸೋಸುವ ಮಣ್ಣು ಈ ಮೂರರಲ್ಲಿ ಯಾವುದೇ ಒಂದು ಇಲ್ಲದಿದ್ದರೆ ಹೊಸ ಟ್ಯಾಂಕೇ ಗತಿ. ಹತ್ತು ಜನರ ಬಳಕೆಗೆ, ಎರಡು ವರ್ಷಕ್ಕೊಮ್ಮೆ ಖಾಲಿ ಮಾಡುವ ಲೆಕ್ಕದಲ್ಲಿ, ಒಳ ಅಳತೆ ಎರಡು ಮೀಟರ್ ಉದ್ದ, 90 ಸೆಂ.ಮೀ. ಅಗಲ, ನೀರಿನ ಆಳ 1.4 ಮೀಟರ್, ನೀರಿನ ಮೇಲೆ 30 ಸೆಂ.ಮೀ. ಖಾಲಿ ಜಾಗ. ಎಷ್ಟೇ ಸಣ್ಣ ಮನೆಯಾದರೂ ಅಗಲ 75 ಸೆಂ.ಮೀ.ಗೆ, ನೀರಿನ ಆಳ ಒಂದು ಮೀಟರಿಗೆ, ಹಿಡಿತ 1000 ಲೀಟರಿಗೆ ಕಡಿಮೆಯಾಗಬಾರದು.

ರೆಡಿಮೇಡ್ ಫೈಬರ್, ಪ್ಲಾಸ್ಟಿಕ್ ಟ್ಯಾಂಕ್ ಹಾಕಿಸುವವರು ಒಂದು ನೆನಪಿಡಿ. ಮಳೆಗಾಲದಲ್ಲಿ ಅದನ್ನು ಪೂರ್ತಿ ಖಾಲಿ ಮಾಡಿದರೆ ಸುತ್ತಲಿನ ನೀರು ದೋಣಿಯ ಹಾಗೆ ಅದನ್ನು ಮೇಲಕ್ಕೆತ್ತಿ ಪೈಪು ಮುರಿಯುತ್ತದೆ. ಬೇಸಿಗೆಯಲ್ಲೇ ಖಾಲಿ ಮಾಡಿಸಿ, ಕೂಡಲೇ ನೀರು ತುಂಬಿಸಿ. ಇನ್ನು ಬ್ಯಾಕ್ಟೀರಿಯಾ ಪೌಡರು, ಬೆಲ್ಲ, ಸಗಣಿ ಹಾಕಿದರೆ ಸರಿಹೋಗುತ್ತದೆ ಎಂಬ ಮಾತಿಗೆ ದುಡ್ಡು ಕಳೆಯಬೇಡಿ. ಬಿರುಕನ್ನೂ ಜಿಡ್ಡು ಮೆತ್ತಿದ ಮಣ್ಣನ್ನೂ ಅವು ಸರಿಮಾಡುವುದಿಲ್ಲ. ಆಸಿಡ್ ಸುರಿದರೆ ಕೊಳೆಯಿಸುವ ಜೀವಾಣುಗಳೂ ಸಾಯುತ್ತವೆ.

ಸಕ್ಕಿಂಗ್ ಗಾಡಿ ಮನೆಯ ಹತ್ತಿರ ಬರುತ್ತದೆಯೇ ಎಂಬುದನ್ನೂ ಕೊಳ್ಳುವ ಮೊದಲೇ ನೋಡಿ. ರಸ್ತೆಯಿಂದ ಟ್ಯಾಂಕಿನವರೆಗೆ ಅಳೆದು, ನಿಮ್ಮ ಪೈಪು ಇಷ್ಟು ದೂರ ಮುಟ್ಟುತ್ತದೆಯೇ ಎಂದು ಗಾಡಿಯವರನ್ನೇ ಕೇಳಿ. ತೆಗೆದ ಕೆಸರನ್ನು ಎಲ್ಲಿ ಸುರಿಯುತ್ತಾರೆ ಎಂದೂ ಕೇಳಿ. ಹಳ್ಳಕ್ಕೆ ಸುರಿದರೆ ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಾರೆ. ದೇವನಹಳ್ಳಿಯಲ್ಲಿ 2015ರಿಂದ ನಡೆಯುತ್ತಿರುವಂಥ ಮಲಕೆಸರು ಸಂಸ್ಕರಣ ಘಟಕ ನಿಮ್ಮ ಹತ್ತಿರ ಇದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ಕರಾರಿನಲ್ಲಿ ಬರೆಸುವುದು

ಪಂಚಾಯಿತಿ ಕೊಡುವ ಇ-ಸ್ವತ್ತಿನ ನಮೂನೆ 9, 11ರಲ್ಲಿ ಜಾಗ, ಕಟ್ಟಡ, ತೆರಿಗೆ ಇರುತ್ತವೆ. ಗುಂಡಿಗೆ ತಳ ಇದೆಯೋ ಇಲ್ಲವೋ ಎಂದು ಯಾವ ಕಾಗದವೂ ಹೇಳುವುದಿಲ್ಲ. ಹಾಗಾಗಿ ಕ್ರಯದ ಕರಾರಿನಲ್ಲೇ ಬರೆಸಿಕೊಳ್ಳಿ: ಟ್ಯಾಂಕ್ ಮತ್ತು ಇಂಗುಗುಂಡಿ ಇರುವ ಜಾಗದ ಕೈನಕ್ಷೆ, ಬಾವಿಯಿಂದ ಅಳೆದ ದೂರ, ಕೊನೆಯ ಸಲ ಖಾಲಿ ಮಾಡಿದ ತಾರೀಖು, ನೀರಿನ ಪರೀಕ್ಷೆಯ ವರದಿ. ಇಪ್ಪತ್ತು ಬಕೆಟ್ ಪರೀಕ್ಷೆಗೂ ಸೋರಿಕೆ ಪರೀಕ್ಷೆಗೂ ಅವಕಾಶ ಕೊಡಬೇಕೆಂದು ಸೇರಿಸಿ. ಹೊಸ ಟ್ಯಾಂಕ್, ಹೊಸ ಇಂಗುಗುಂಡಿಗೆ ಇಬ್ಬರು ಮೂವರು ಮೇಸ್ತ್ರಿಗಳಿಂದ ದರ ಬರೆಸಿ ತಂದು ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಬೇಸಿಗೆಯಲ್ಲಿ ಕೊಳ್ಳುತ್ತಿದ್ದರೆ, ಮಾರುವವರು ಒಪ್ಪಿದರೆ, ಒಂದಿಷ್ಟು ಹಣವನ್ನು ಮಳೆಗಾಲದ ನೀರಿನ ವರದಿ ಬರುವವರೆಗೆ ಬಾಕಿ ಇಡುವಂತೆ ವಕೀಲರಿಂದ ಷರತ್ತು ಬರೆಸಿ. ಪಕ್ಕದವರ ಗುಂಡಿಯೇ ನಿಮ್ಮ ಬಾವಿಗೆ ಇಪ್ಪತ್ತಡಿಯಲ್ಲಿದ್ದು, ಅವರಿಗೆ ಅದನ್ನು ಸ್ಥಳಾಂತರಿಸಲು ಜಾಗವೂ ಇಲ್ಲ, ನಿಮಗೆ ಬೇರೆ ನೀರಿನ ಮೂಲವೂ ಇಲ್ಲ ಎಂದಾದರೆ, ಮನೆ ಎಷ್ಟೇ ಚೆಂದವಿದ್ದರೂ ಮುಂಗಡ ಕೊಡಬೇಡಿ.